ಗೋಡೆಯಮ್ಮನ ಬಟ್ಟಲು

ಬಾವಿ ದಾಟಿ ಇಗರ್ಜಿಯ ಗೋರಿಗಳ ನಡುವಿನ ಯೂ ಮರದ ಕೆಳಗೆ ಬಂದೆವು. ಅಲ್ಲಿ ಏಮಸ್ ನಿಂತುಬಿಟ್ಟ.

ಏಮಸ್ ಬೆಡೋಸ್. ನನ್ನ ಚಿಕ್ಕಪ್ಪನ ಮಗ. ಬೇಲಿ ಕಟ್ಟುವ ಕೆಲಸ. ನನಗಿಂತ ಸಣ್ಣವನು, ಮಾತಿನಲ್ಲಿ ಮಾತ್ರ ನನಗಿಂತ ಬಹಳ ದೊಡ್ಡವನು. ಇಬ್ಬರೂ ಹೆಂಡದಂಗಡಿಯಿಂದ ಮನೆಗೆ ಹೊರಟಿದ್ದೆವು. ಅಕ್ಟೋಬರ್ ತಿಂಗಳು. ಸೇಬಿನ ಹೆಂಡ ಹೊಸದು. ಕತ್ತಲಾಗಿತ್ತು. ಚಂದ್ರ ಇರಲಿಲ್ಲ.

ಯೂ ಮರದ ಹಿಂದೆ ಇಗರ್ಜಿಯ ಉತ್ತರದ ಗೋಡೆ. ಅದಕ್ಕೆ ಅಂಟಿಕೊಂಡು ಒಂದು ಕಲ್ಲಿನ ಕೋಣೆ. ಒಂದು ಹಸು ಮಲಗುವಷ್ಟು ಜಾಗ. ಬಾಗಿಲಿಲ್ಲ. ಒಂದು ಕಿಂಡಿ ಇತ್ತು, ಬಟ್ಟಲು ಹಿಡಿದ ಕೈ ತೂರುವಷ್ಟು. ನಮ್ಮೂರಲ್ಲಿ ಅದನ್ನು ಗೋಡೆಯಮ್ಮನ ಕೋಣೆ ಅನ್ನುತ್ತಿದ್ದರು. ಹಳೇ ಮತದ ಕಾಲದಲ್ಲಿ ಹರಕೆ ಹೊತ್ತ ಹೆಂಗಸೊಬ್ಬಳು ಅದರೊಳಗೆ ಹೋಗುತ್ತಿದ್ದಳು. ಪಾದ್ರಿ ಅವಳ ಮೇಲೆ ಸತ್ತವರ ಪ್ರಾರ್ಥನೆ ಓದುತ್ತಿದ್ದ. ಮೈಮೇಲೆ ಮಣ್ಣು ಹಾಕುತ್ತಿದ್ದರು. ಆಮೇಲೆ ಬಾಗಿಲಿಗೆ ಕಲ್ಲು ಇಟ್ಟು ಗಾರೆ ಮೆತ್ತುತ್ತಿದ್ದರು. ಸಾಯುವ ತನಕ ಒಳಗೇ. ಕಿಂಡಿಯಲ್ಲಿ ರೊಟ್ಟಿ ಒಳಗೆ, ಖಾಲಿ ಬಟ್ಟಲು ಹೊರಗೆ. ಒಬ್ಬಳು ಹೋದರೆ ಆ ಜಾಗಕ್ಕೆ ಇನ್ನೊಬ್ಬಳು. ಕೊನೆಯವಳ ಜಾಗಕ್ಕೆ ಯಾರೂ ಬರಲಿಲ್ಲ. ಅಷ್ಟರಲ್ಲಿ ರಾಜ ಮತ ಬದಲಾಯಿಸಿದ್ದ.

ಚಿಕ್ಕವರಿದ್ದಾಗ ಕಿಂಡಿಯ ಕಲ್ಲಿನ ಮೇಲೆ ರೊಟ್ಟಿ ತುಂಡು ಇಟ್ಟು ಓಡುವುದು ನಮ್ಮ ಆಟ. ಆ ರಾತ್ರಿ ಏಮಸ್ ಜೇಬಿನಿಂದ ತುಂಡು ತೆಗೆದ. ಇಟ್ಟ.

"ನಾಳೆ ನಿನ್ನ ಮನೆ ಗಾಡಿ ಹತ್ತತ್ತೆ ಗೋಡೆಯಮ್ಮ. ದಾರಿಗೆ ಬುತ್ತಿ ಇಟ್ಕೋ."

ಹೌದು. ಮಾರನೆಯ ದಿನ ಆ ಕೋಣೆ ಕೀಳಬೇಕಿತ್ತು. ಕೀಳುವವನು ನಾನೇ. ನಾನು ಕಲ್ಲುಕುಟಿಗ.

ನಾಲ್ಕು ಹೆಜ್ಜೆ ಹೋಗಿದ್ದೆವು. ಹಿಂದೆ ಸದ್ದು.

ಸರ್ರ್... ಟಕ್.

ಮರದ ಪಾತ್ರೆಯನ್ನು ಕಲ್ಲಿನ ಮೇಲೆ ಎಳೆದು ಇಟ್ಟ ಸದ್ದು. ಗಾಳಿಯಲ್ಲ, ಕೊಂಬೆಯಲ್ಲ. ಮರ, ಕಲ್ಲು.

ಇಲಿ ಅಂದೆ ನಾನು.

"ಇಲಿಗೆ ಬಟ್ಟಲು ಯಾಕೋ ಅಣ್ಣ," ಅಂದ ಏಮಸ್. ನಗುತ್ತಿದ್ದ.

ವಾಪಸು ಹೋಗಿ ಕಲ್ಲಿನ ಮೇಲೆ ಕೈಯಾಡಿಸಿದೆ. ರೊಟ್ಟಿ ಇರಲಿಲ್ಲ.

ಬೆಳಗ್ಗೆ ಕಲ್ಲು ಬಿಚ್ಚಿದೆವು. ಇಲಿಯ ಬಿಲ ಹುಡುಕಿದೆ. ಇರಲಿಲ್ಲ. ಎಲುಬೂ ಇರಲಿಲ್ಲ. ನೆಲದ ಚಪ್ಪಡಿಯಲ್ಲಿ ಎರಡು ಗುಳಿ. ಮೊಣಕಾಲೂರಿ ಊರಿ ಸವೆದದ್ದು. ಮೂಲೆಯಲ್ಲಿ ಒಂದು ಮರದ ಬಟ್ಟಲು. ಎಲ್ಲವನ್ನೂ ಗಾಡಿಗೆ ಹಾಕಿದೆವು. ಬಟ್ಟಲನ್ನೂ. ಏನೂ ಬಿಡಬಾರದೆಂದು ದೊರೆಯ ಅಪ್ಪಣೆ.

ದೊರೆ ಅಂದರೆ ವಿನ್ಯಾಟ್ ದೊರೆ. ಬೆಟ್ಟ ಅವನದು, ಕಾಡು ಅವನದು, ಊರಿನ ಮನೆಗಳು ಅವನವು. ಇಟಲಿಗೆ ಹೋಗಿ ಬಂದ ಮೇಲೆ ಅವನಿಗೆ ಹಾಳುಬಿದ್ದ ಕಟ್ಟಡಗಳ ಹುಚ್ಚು ಹತ್ತಿತು. ಲಂಡನ್ನಿನ ಚಿತ್ರಕಾರನೊಬ್ಬನನ್ನು ಕರೆಸಿದ. ಚಿತ್ರಕಾರ ನಮ್ಮ ಬೆಟ್ಟ ಬರೆದ. ಬೆಟ್ಟದ ಮೇಲೆ ಮುರಿದ ಗೋಪುರ ಬರೆದ, ಐವಿ ಬಳ್ಳಿ ಬರೆದ, ಎಲೆ ಉದುರಿದ ಓಕ್ ಮರ, ಮೋಡದೊಳಗೆ ಅರ್ಧ ಚಂದ್ರ. ಗೋಪುರದ ಬುಡದಲ್ಲಿ ಕಲ್ಲಿನ ಗುಡಿಸಲು, ಬಾಗಿಲಲ್ಲಿ ಗಡ್ಡದ ಸನ್ಯಾಸಿ. ಬೆಟ್ಟದಲ್ಲಿ ಆಗ ಕುರಿ ಬಿಟ್ಟರೆ ಏನೂ ಇರಲಿಲ್ಲ. ಚಿತ್ರ ದೊಡ್ಡ ಮನೆಯ ಗೋಡೆಗೆ ಹೋಯಿತು. ಚಿತ್ರದ ಹಾಗೆ ಬೆಟ್ಟ ಮಾಡುವ ಕೆಲಸ ನಮಗೆ ಬಂತು.

ನಮ್ಮಪ್ಪ ಬಿದ್ದ ಗೋಡೆ ಕಟ್ಟಿ ಹೊಟ್ಟೆ ಹೊರೆದ. ನಾನು ಗೋಡೆ ಕಟ್ಟಿ ಬೀಳಿಸಿ ಹೊರೆದೆ. ದೊರೆ ಕುದುರೆಯ ಮೇಲೆ ಬಂದು ನೋಡುತ್ತಿದ್ದ. ಈ ಬಿರುಕಿನಲ್ಲಿ ದುಃಖ ಸಾಲದು ಅನ್ನುತ್ತಿದ್ದ. ಇನ್ನಷ್ಟು ಒಡೆಯುತ್ತಿದ್ದೆ.

ಗುಡಿಸಲಿಗೆ ಮಾತ್ರ ಅವನಿಗೆ ಹಳೇ ಕಲ್ಲೇ ಬೇಕಿತ್ತು. ಗೋಡೆಯಮ್ಮನ ಕೋಣೆ ಇದ್ದ ಹಾಗೇ ಬೆಟ್ಟಕ್ಕೆ ಬಂತು. ಕಲ್ಲಿಗೆ ಕಲ್ಲು, ಕಿಂಡಿಗೆ ಕಿಂಡಿ. ಗುಳಿ ಬಿದ್ದ ಚಪ್ಪಡಿ ಇದ್ದಲ್ಲೇ. ಬಟ್ಟಲು ಮೂಲೆಯಲ್ಲೇ. ಒಂದು ಬಾಗಿಲು ಮಾತ್ರ ಹೊಸದು. ಬಗ್ಗಿ ಹೋಗುವಂಥದ್ದು.

ಇನ್ನು ಸನ್ಯಾಸಿ ಬೇಕು.

ಆ ಕಾಲದಲ್ಲಿ ದೊಡ್ಡ ಮನೆಯವರು ತೋಟಕ್ಕೆ ಸನ್ಯಾಸಿ ಇಡುತ್ತಿದ್ದರು. ನವಿಲು ಇಟ್ಟ ಹಾಗೆ. ಕರಾರು ಹೀಗೆ: ಏಳು ವರ್ಷ ಮಾತಾಡಬಾರದು. ಕೂದಲು, ಗಡ್ಡ, ಉಗುರು ಕತ್ತರಿಸಬಾರದು. ತೋಟದ ಬೇಲಿ ದಾಟಬಾರದು. ನೆಂಟರು ಬಂದಾಗ ಬಾಗಿಲಲ್ಲಿ ತಲೆಬುರುಡೆ ಹಿಡಿದು ಕೂರಬೇಕು. ಏಳು ವರ್ಷ ಮುಗಿಸಿದವನಿಗೆ ಗಿರಣಿ ಹಳ್ಳದ ಪಕ್ಕದ ಮನೆ. ಸಾಯುವ ತನಕ ಅವನದು. ಒಂದು ಮಾತಾಡಿ ಸಿಕ್ಕಿಬಿದ್ದರೂ ಏನೂ ಇಲ್ಲ.

ಏಮಸ್ ಒಪ್ಪಿಕೊಂಡ.

ಮಾತಿನ ಮಲ್ಲ ಏಮಸ್ ಬಾಯಿ ಮುಚ್ಚುತ್ತಾನಂತೆ ಎಂದು ಹೆಂಡದಂಗಡಿಯಲ್ಲಿ ಒಂದು ವಾರ ನಕ್ಕರು. ಕಾರಣ ನನಗೆ ಗೊತ್ತಿತ್ತು. ಲೆಟ್ಟಿಸ್. ದೊಡ್ಡ ಮನೆಯ ಅಡಿಗೆಮನೆಯ ಹುಡುಗಿ. ಮಾತು ಕಡಿಮೆ, ಹಟ ಜಾಸ್ತಿ. ಬಲ ಹೆಬ್ಬೆರಳಲ್ಲಿ ಅವರೆಕಾಳಿನಷ್ಟು ಸುಟ್ಟ ಕಲೆ. ರೊಟ್ಟಿ ಒಲೆಯ ಬಾಗಿಲು ತಾಗಿದ್ದು. ಇಬ್ಬರೂ ಮದುವೆ ಮಾತಾಡಿ ಎಷ್ಟೋ ಕಾಲವಾಗಿತ್ತು. ಮನೆ ಇರಲಿಲ್ಲ. ಮನೆ ಇಲ್ಲದವನಿಗೆ ನಮ್ಮೂರಲ್ಲಿ ಮದುವೆ ಇಲ್ಲ. ಏಳು ವರ್ಷ ಕಾಯುತ್ತೇನೆ ಅಂದಳು ಅವಳು. ಸನ್ಯಾಸಿಗೆ ಊಟ ಒಯ್ಯುವ ಕೆಲಸವನ್ನೂ ಹಟ ಹಿಡಿದು ತಾನೇ ತೆಗೆದುಕೊಂಡಳು. ಮಾತಿಲ್ಲದಿದ್ದರೆ ಬೇಡ, ದಿನಾ ಮುಖವಾದರೂ ಕಾಣುತ್ತದೆ ಎಂದು.

ಬೇಸಿಗೆಯ ನಡುವಿನ ಹಬ್ಬದ ಸಂಜೆ ಏಮಸ್‌ನನ್ನು ಒಳಗೆ ಕೂರಿಸಿದರು. ನೆಂಟರು ತುಂಬಿದ್ದರು. ಓಕ್ ಮರಕ್ಕೆ ಕಾಗದದ ದೀಪ. ದೊರೆಯ ಭಾವಮೈದ ಒಬ್ಬ ಎಳೇ ಪಾದ್ರಿ. ಹಳೇ ಪುಸ್ತಕಗಳ ಮರುಳ. ಗೋಡೆಯಮ್ಮಂದಿರನ್ನು ಒಳಗಿಡುವಾಗ ಓದುತ್ತಿದ್ದ ಪ್ರಾರ್ಥನೆ ಎಲ್ಲೋ ಸಿಕ್ಕಿತ್ತು ಅವನಿಗೆ. ಅದನ್ನೇ ಓದೋಣ, ಮಜಾ ಇರುತ್ತದೆ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಏಮಸ್ ಚಪ್ಪಡಿಯ ಮೇಲೆ ಅಂಗಾತ ಮಲಗಿದ. ಗೋಣಿಯ ಅಂಗಿ. ನನ್ನ ಕಡೆ ನೋಡಿ ಕಣ್ಣು ಹೊಡೆದ. ಪಾದ್ರಿ ಬಾಗಿಲಲ್ಲಿ ನಿಂತು ಲ್ಯಾಟಿನ್ನಿನಲ್ಲಿ ಓದಿದ. ಪೂರ್ತಿ ಓದಿದ. ಒಂದು ಪದ ಬಿಡಲಿಲ್ಲ. ಮೊದಲು ನಗುತ್ತಿದ್ದರು. ಬರಬರುತ್ತಾ ನಗು ನಿಂತಿತು. ಆಮೇಲೆ ಮಣ್ಣು. ಬೆಳ್ಳಿ ತಟ್ಟೆಯಲ್ಲಿ ಮಣ್ಣು ಹಿಡಿದು ನಿಂತವಳು ಲೆಟ್ಟಿಸ್. ಹೆಂಗಸರು ಒಬ್ಬೊಬ್ಬರಾಗಿ ಕೈಗವಸು ಕಳಚಿ ಒಂದು ಹಿಡಿ ಹಾಕಿದರು. ಎದೆಯ ಮೇಲೆ ಬಿದ್ದ ಸದ್ದು... ಧಪ್. ಧಪ್. ಒದ್ದೆ ಮಣ್ಣು.

ಕೊನೆಗೆ ಬಾಗಿಲಿಗೆ ಕಲ್ಲು ಜೋಡಿಸಲು ನನಗೆ ಹೇಳಿದರು. ನೋಟಕ್ಕೆ ಮಾತ್ರ. ಗಾರೆಯಿಲ್ಲದೆ ಜೋಡಿಸಿದೆ. ನೆಂಟರು ಊಟಕ್ಕೆ ಹೋದರು.

ಬೆಳಗ್ಗೆ ಕಲ್ಲು ತೆಗೆದೆ. ಏಮಸ್ ಆಕಳಿಸುತ್ತಾ ಹೊರಗೆ ಬಂದ. ಓಕ್ ಮರಕ್ಕೆ ಹೋಗಿ ಉಚ್ಚೆ ಹೊಯ್ದ. ಗಡ್ಡ ನೀವಿಕೊಂಡು ಸನ್ಯಾಸಿಯ ಹಾಗೆ ನನಗೆ ಆಶೀರ್ವಾದ ಮಾಡಿದ. ಗಡ್ಡ ಇನ್ನೂ ಬೆಳೆದೇ ಇರಲಿಲ್ಲ.

ಆ ಬೇಸಿಗೆ ಚೆನ್ನಾಗೇ ಇದ್ದ. ತೋಟದಲ್ಲೆಲ್ಲ ತಿರುಗುತ್ತಿದ್ದ. ನೆಂಟರು ಬಂದರೆ ಓಡಿಬಂದು ಬುರುಡೆ ಹಿಡಿದು ಕೂರುತ್ತಿದ್ದ. ಎಲೆ ಉದುರಿದ ಮೇಲೆ ತಿರುಗಾಟ ಕಡಿಮೆಯಾಯಿತು. ಚಳಿ ಎಂದುಕೊಂಡೆ.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಸಂಜೆ ಗೋಪುರದ ಕೆಲಸ ಮುಗಿಸಿ ಇಳಿಯುತ್ತಿದ್ದೆ. ಕಿಂಡಿಯಿಂದ ಪಿಸುಮಾತು.

"ಅಣ್ಣ... ಇಲ್ಲಿ ಬಾ."

ಸುತ್ತ ನೋಡಿದೆ. ದೊರೆಯ ಮೇಸ್ತ್ರಿ ಇರಲಿಲ್ಲ. ಹೋದೆ.

"ಮಾತಾಡ್ಬೇಡ. ಕೇಳು."

ಕಿವಿಗೊಟ್ಟೆ. ಗಾಳಿ ಇರಲಿಲ್ಲ. ಕುರಿ ಇರಲಿಲ್ಲ. ಒಳಗೆ... ಏಮಸ್‌ನ ಹಿಂದೆ... ಟಿಕ್. ಸ್ವಲ್ಪ ತಡೆದು, ಟಿಕ್. ಮತ್ತೆ, ಟಿಕ್. ಜಪಮಾಲೆಯ ಮರದ ಮಣಿ ದಾರದ ಮೇಲೆ ಜಾರಿ ಇನ್ನೊಂದು ಮಣಿಗೆ ತಾಗುವ ಸದ್ದು.

"ನೀನೇನಾ?" ಅಂದೆ.

ಅವನು ಒಂದು ಕೈ ಕಿಂಡಿಯಿಂದ ಹೊರಗೆ ಚಾಚಿದ. ಒಳಗೆಳೆದುಕೊಂಡ. ಇನ್ನೊಂದು ಚಾಚಿದ. ಎರಡೂ ಖಾಲಿ. ಒಳಗೆ ಟಿಕ್... ಟಿಕ್...

"ಯಾವತ್ತಿಂದ?"

"ಮೊದಲ್ನೇ ರಾತ್ರಿಯಿಂದ. ಹೊಡೆಯಲ್ಲ, ಬಡಿಯಲ್ಲ. ನನ್ನನ್ನ ನೋಡ್ತಾ ಕೂತಿರ್ತಾಳೆ ಅನ್ಸತ್ತೆ. ಕಾಯ್ತಾ ಇದ್ದಾಳೆ ಕಣಣ್ಣ."

"ಏನು ಕಾಯ್ತಾಳೆ?"

"ನನಗೇನು ಗೊತ್ತು."

ಈಗಲೇ ಬಾ, ಇವತ್ತು ನಮ್ಮನೇಲಿ ಮಲಗು ಅಂದೆ. ಅವನು ಅಡ್ಡಡ್ಡ ತಲೆಯಾಡಿಸಿದ. ಬಂದರೆ ಮನೆ ಹೋಯಿತು, ಮನೆ ಹೋದರೆ ಲೆಟ್ಟಿಸ್ ಹೋದಳು ಅಂದ. ದೊರೆಗೆ ಹೇಳಿ ನೋಡೋಣ ಅಂದೆ. ಅವನಿಗೆ ನಗು ಬಂತು.

"ದೆವ್ವ ಇದೆ ಅಂದ್ರೆ ದೊರೆ ಇನ್ನಷ್ಟು ನೆಂಟರನ್ನ ಕರೀತಾನೆ. ಅವನಿಗೆ ಅದೇ ಬೇಕಾಗಿರೋದು."

ಆಗ ಬಾಗಿಲು ತೆರೆದೇ ಇತ್ತು. ಆಗ ಅವನು ಬರಬಹುದಿತ್ತು.

ಫೆಬ್ರವರಿಯಲ್ಲಿ ಲೆಟ್ಟಿಸ್ ನಮ್ಮ ಮನೆ ಬಾಗಿಲು ತಟ್ಟಿದಳು. ಬೆಳಗಿನ ಮಂಜು ಇನ್ನೂ ಎದ್ದಿರಲಿಲ್ಲ. ಕೈಯಲ್ಲಿ ಊಟದ ಬುಟ್ಟಿ ಇದ್ದ ಹಾಗೇ ಇತ್ತು. ಏಮಸ್ ಬಾಗಿಲಲ್ಲಿ ನಿಂತಿದ್ದಾನೆ, ಒಂದು ಕಾಲು ಎತ್ತಿಕೊಂಡು ನಿಂತಿದ್ದಾನೆ, ಇಳಿಸುತ್ತಿಲ್ಲ, ಅಳುತ್ತಿದ್ದಾನೆ ಅಂದಳು.

ಹೋದೆವು. ಹಾಗೇ ನಿಂತಿದ್ದ. ಹೊಸ್ತಿಲ ಒಳಗೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು. ನಮ್ಮನ್ನು ನೋಡಿ ಕಾಲು ಹಿಂದಕ್ಕೆ ಇಟ್ಟ.

ಪಿಸುಗುಟ್ಟಿದ. ಮಣಿ ಸದ್ದು ರಾತ್ರಿ ನಿಂತಿತಂತೆ. ಆಮೇಲೆ ಬಟ್ಟಲಿನ ಸದ್ದು. ಸರ್ರ್... ಟಕ್. ಅವನ ಪಕ್ಕಕ್ಕೆ ತಂದು ಇಟ್ಟ ಹಾಗೆ. ಆಮೇಲೆ ಬರಿಗಾಲ ಹೆಜ್ಜೆ. ಒಳಗಲ್ಲ, ಹೊರಗೆ. ಹಿಮದ ಮೇಲೆ ಪಚ್... ಪಚ್... ಬೆಟ್ಟ ಇಳಿದು ಹೋದ ಹಾಗೆ. ಓಡುತ್ತಿದ್ದಳು ಅಂದ. ಮೊದಲು ಖುಷಿಯಾಯಿತಂತೆ. ಪೀಡೆ ಹೋಯಿತು ಎಂದುಕೊಂಡನಂತೆ. ಉಚ್ಚೆಗೆ ಎದ್ದು ಬಾಗಿಲಿಗೆ ಬಂದನಂತೆ.

"ಅವಳ ಜಾಗಕ್ಕೆ ನಾನು ಬಂದೆ ಅಲ್ವಾ ಅಣ್ಣ. ಅದಕ್ಕೆ ಹೋದ್ಲು."

ಹುಚ್ಚ, ಬಾ ಈಚೆ ಅಂದೆ. ಕೈ ಹಿಡಿದು ಎಳೆದೆ. ಕೈ ಹೊರಗೆ ಬಂತು. ಮೊಣಕೈ ಬಂತು. ಭುಜ ಬರಲಿಲ್ಲ. ಲೆಟ್ಟಿಸ್ ನನ್ನ ಸೊಂಟ ಹಿಡಿದು ಎಳೆದಳು. ಗಾರೆ ಹಿಡಿದು ಕೂತ ಕಲ್ಲನ್ನು ಬರಿಗೈಯಲ್ಲಿ ಎಳೆದ ಹಾಗೆ. ಅವನನ್ನು ಹಿಡಿದವರು ಯಾರೂ ಇರಲಿಲ್ಲ. ಹಿಂದೆ ಬರೀ ಗೋಡೆ. ಅವನ ಕೀಲು ಲಟಕ್ ಅಂದಿತು.

"ಬಿಡಣ್ಣ. ತೋಳು ಕಿತ್ತು ಬರತ್ತೆ."

ಬಿಟ್ಟೆ.

ಲೆಟ್ಟಿಸ್ ಅಳಲಿಲ್ಲ. ಮನೆ ಬೇಡ ಅಂದಳು. ದೊರೆಯ ಮನೆ ಹಾಳಾಗಲಿ, ನಾವು ಎಲ್ಲಿಯಾದರೂ ಬದುಕುತ್ತೇವೆ, ಇವನನ್ನು ಹೊರಗೆ ತಾ ಅಂದಳು. ಮನುಷ್ಯನನ್ನು ಗೋಡೆಯಿಂದ ತೆಗೆಯಲು ಆಗದಿದ್ದರೆ ಗೋಡೆಯನ್ನೇ ಮನುಷ್ಯನಿಂದ ತೆಗೆಯುವುದು. ನನಗೆ ತೋಚಿದ್ದು ಅಷ್ಟು.

ದೊರೆ ಲಂಡನ್ನಿನಲ್ಲಿದ್ದ. ಮೇಸ್ತ್ರಿಗೆ ಕೆಮ್ಮು, ಹಾಸಿಗೆ ಹಿಡಿದಿದ್ದ. ಮಂಜು ಎಷ್ಟಿತ್ತೆಂದರೆ ಕೆಳಗಿನಿಂದ ಗೋಪುರ ಕಾಣುತ್ತಿರಲಿಲ್ಲ. ಹಾರೆ ತಂದೆ. ಮೊದಲು ಚಾವಣಿ ತೆಗೆದೆ. ಆಮೇಲೆ ಗೋಡೆ. ಲೆಟ್ಟಿಸ್ ಕಲ್ಲು ಹೊತ್ತು ಹುಲ್ಲಿನ ಮೇಲೆ ಜೋಡಿಸಿದಳು. ಹಾರೆಯ ಸದ್ದು, ಅವಳ ಉಸಿರು. ಏಮಸ್ ನಡುವೆ ಮೊಣಕಾಲೂರಿ ಕೂತಿದ್ದ. ಮೊಣಕಾಲು ಆ ಎರಡು ಗುಳಿಗಳಲ್ಲಿ ಸರಿಯಾಗಿ ಕೂತಿತ್ತು. ನೋಡಿಯೂ ನೋಡದವನ ಹಾಗೆ ಕೆಲಸ ಮಾಡಿದೆ.

ಸಂಜೆಗೆ ಕಿಂಡಿಯ ಕಲ್ಲೂ ಇಳಿಯಿತು. ಅಡಿಪಾಯದ ಒಂದು ಸಾಲು ಬಿಟ್ಟರೆ ಏನೂ ಉಳಿಯಲಿಲ್ಲ. ಮೇಲೆ ಆಕಾಶ. ಸುತ್ತ ಬಯಲು.

"ಏಳೋ," ಅಂದಳು ಲೆಟ್ಟಿಸ್.

ಎದ್ದ. ಅವಳ ಕಡೆ ನಡೆದ. ಸಾಲಿನ ತನಕ ಬಂದ. ನಿಂತ. ಬಲಕ್ಕೆ ಹೋದ, ನಿಂತ. ಎಡಕ್ಕೆ ಹೋದ, ನಿಂತ. ಎದುರಿಗೆ ಒಂದು ಗೇಣು ಕಲ್ಲೂ ಇಲ್ಲ. ಅಂಗೈ ಗಾಳಿಗೆ ಇಟ್ಟು ತಡವಿದ. ಕತ್ತಲಲ್ಲಿ ಗೋಡೆ ತಡವುತ್ತಾರಲ್ಲ, ಹಾಗೆ. ನಾಲ್ಕೂ ಕಡೆ ತಡವಿದ.

ಆಮೇಲೆ ಕೂತ. ಮಂಜು ಅವನ ಮೇಲೆ ಇಳಿಯುತ್ತಿತ್ತು. ಗೋಣಿಯ ಅಂಗಿ ಒದ್ದೆಯಾಗಿತ್ತು. 

"ಮತ್ತೆ ಕಟ್ಟಣ್ಣ," ಅಂದ. "ಚಳಿ."

ದೀಪ ಇಟ್ಟುಕೊಂಡು ಕಟ್ಟಿದೆ. ಬೇರೇನು ಮಾಡಲಿ. ಬಾಗಿಲಿನ ಜಾಗಕ್ಕೆ ಬಂದಾಗ ಅವನು ನನ್ನ ಕೈ ಹಿಡಿದ.

"ಬಾಗಿಲು ಬೇಡ."

"ಯಾಕೋ?"

"ಬಾಗಿಲಿದ್ರೆ ದಿನಾ ಹೋಗಿ ನಿಲ್ಲಬೇಕು ಅನ್ಸತ್ತೆ."

ಲೆಟ್ಟಿಸ್ ಕಡೆ ನೋಡಿದೆ. ಅವಳು ದೀಪ ಹಿಡಿದಿದ್ದಳು. ದೀಪ ಅಲುಗಲಿಲ್ಲ. ನಾನು ಕಲ್ಲಿಟ್ಟೆ. ಈ ಸಲ ಗಾರೆ ಹಾಕಿದೆ. ಒಳ್ಳೆ ಸುಣ್ಣ, ಒಳ್ಳೆ ಮರಳು. ನನ್ನ ಕೈಯ ಗಾರೆ ಬಿಡುವುದಿಲ್ಲ.

ದೊರೆ ಏಪ್ರಿಲ್‌ನಲ್ಲಿ ಬಂದ. ಬಾಗಿಲಿಲ್ಲದ ಕೋಣೆ ನೋಡಿದ. ಬೈಯುತ್ತಾನೆಂದು ಟೋಪಿ ತೆಗೆದು ನಿಂತಿದ್ದೆ. ಅವನ ಕಣ್ಣಲ್ಲಿ ನೀರು ಬಂತು. ಇದು ತನಗೆ ಮೊದಲೇ ಯಾಕೆ ಹೊಳೆಯಲಿಲ್ಲ ಅಂದ. ಚಿತ್ರಕಾರನನ್ನು ಮತ್ತೆ ಕರೆಸಿ ಚಿತ್ರದ ಬಾಗಿಲಿನ ಮೇಲೆ ಕಲ್ಲು ಬರೆಸಿದ. ಗಡ್ಡದವನನ್ನು ಅಳಿಸಿ ಕಿಂಡಿಯಲ್ಲಿ ಒಂದು ಕೈ ಬರೆಸಿದ. ದೂರದಿಂದೆಲ್ಲ ಜನ ಬಂದರು. ಹೆಂಗಸರು ಹುಲ್ಲಿನ ಮೇಲೆ ಕೂತು ಚಿತ್ರ ಬರೆದುಕೊಂಡರು. ಎಂಥ ವಿರಕ್ತಿ ಅನ್ನುತ್ತಿದ್ದರು. ಒಳಗಿನಿಂದ ಒಂದೊಂದು ಸಲ ಅಳು ಕೇಳುತ್ತಿತ್ತು. ಅದು ಅವರಿಗೆ ಇನ್ನೂ ಹಿಡಿಸಿತು.

ಲೆಟ್ಟಿಸ್ ದಿನಾ ರೊಟ್ಟಿ ಒಯ್ದಳು. ಕಿಂಡಿಯಲ್ಲಿ ಕೈ ಹಾಕಿದರೆ ಅವನು ಹಿಡಿದುಕೊಳ್ಳುತ್ತಿದ್ದ. ಅವನ ಉಗುರು ಉದ್ದ ಬೆಳೆದು ಅವಳ ಅಂಗೈ ಗೀರುತ್ತಿತ್ತು. ಊರಲ್ಲಿ ಇಬ್ಬರು ಅವಳನ್ನು ಮದುವೆಗೆ ಕೇಳಿದರು. ಒಬ್ಬ ಕಮ್ಮಾರ. ಅವನಿಗೆ ಮನೆಯೂ ಇತ್ತು. ಕಟ್ಟಿಕೋ ಎಂದು ಏಮಸ್ಸೇ ಹೇಳಿದನಂತೆ. ಅವತ್ತು ಒಂದು ದಿನ ರೊಟ್ಟಿ ಕೊಡಲಿಲ್ಲ ಅವಳು.

ಏಳು ವರ್ಷ ತುಂಬಿತು. ದೊರೆ ಮಾತು ತಪ್ಪಲಿಲ್ಲ. ಸನ್ಯಾಸಿ ಹೊರಗೆ ಬರುವುದಿಲ್ಲವಂತೆ, ಅಷ್ಟು ದೊಡ್ಡ ಜೀವ ಎಂದು ಹೇಳಿ ಬೀಗದ ಕೈಯನ್ನು ಲೆಟ್ಟಿಸ್‌ಗೆ ಕೊಟ್ಟ. ಅವಳು ಹಳ್ಳದ ಮನೆ ಗುಡಿಸಿದಳು. ಗೋಡೆಗೆ ಸುಣ್ಣ ಬಳಿದಳು. ಇಬ್ಬರು ಮಲಗುವ ಹಾಸಿಗೆ ಹಾಸಿದಳು. ಹೊಗೆಗೂಡು ಸರಿಮಾಡಲು ನಾನು ಹೋಗಿದ್ದೆ. ಸೇಬು ಬೇಯಿಸಿ ಕೊಟ್ಟಳು. ನಾನು ತಿನ್ನುವುದನ್ನು ನೋಡುತ್ತಾ ಕೇಳಿದಳು.

"ಆ ಪಾದ್ರಿ ಓದಿದ್ದು ಲ್ಯಾಟಿನ್ನಲ್ಲೇ ಆಗ್ಬೇಕಾ?"

"ನನಗೇನು ಗೊತ್ತು. ಕಲ್ಲುಕುಟಿಗ ನಾನು."

"ಮಣ್ಣಿಗೆ ಹಾಕುವಾಗ ನಮ್ಮ ಇಗರ್ಜೀಲಿ ಓದ್ತಾರಲ್ಲ, ಅದು ನನಗೆ ಬಾಯಿಪಾಠ. ಅಮ್ಮಂಗೆ ಓದಿದ್ರು, ಅಪ್ಪಂಗೆ ಓದಿದ್ರು."

ಯಾಕೆ ಕೇಳುತ್ತೀಯ ಅಂದೆ. ಸುಮ್ಮನೆ ಅಂದಳು. ತಟ್ಟೆ ತೆಗೆದಳು.

ಮಾರನೆಯ ಬೆಳಗ್ಗೆ ಹಳ್ಳದ ಮನೆಯ ಹೊಗೆಗೂಡು ನೋಡಲು ಹೋದೆ. ಹೊಗೆ ಸರಿಯಾಗಿ ಎದ್ದಿತ್ತು. ಬಾಗಿಲು ತಟ್ಟಿದೆ. ತಳ್ಳಿದೆ.

ಒಲೆಯ ಮುಂದೆ ಏಮಸ್ ಕೂತಿದ್ದ.

ಗಡ್ಡ ಸೊಂಟದ ತನಕ. ಗೋಣಿಯ ಅಂಗಿ ಹರಿದು ಚಿಂದಿ. ಉಗುರು ಸುರುಳಿ ಸುತ್ತಿತ್ತು. ಬೆಂಕಿಯ ಕಡೆ ಕೈ ಚಾಚಿ ಕೂತಿದ್ದ. ನನ್ನನ್ನು ನೋಡಿದ.

"ನಿದ್ದೆ ಬಂದಿತ್ತಣ್ಣ. ಎಚ್ಚರ ಆದಾಗ ಇಲ್ಲಿದ್ದೆ."

ಲೆಟ್ಟಿಸ್ ಎಲ್ಲಿ ಅಂದೆ. ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯಿತು. ಗೊತ್ತಾದದ್ದು ಅವನ ಮುಖದಲ್ಲಿ ಕಂಡೆ. ಎದ್ದ. ಕಾಲು ನಿಲ್ಲುತ್ತಿರಲಿಲ್ಲ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದೆ.

ಕಿಂಡಿಯ ಕೆಳಗೆ ಹುಲ್ಲು ತಗ್ಗಿತ್ತು. ಯಾರೋ ಮಲಗಿದ್ದ ಗುರುತು, ಅಂಗಾತ. ಸುತ್ತ ಮಣ್ಣು ಚೆಲ್ಲಿತ್ತು. ಅವಳ ಬೂಟು ಅಲ್ಲಿತ್ತು. ಜೋಡಿಸಿ ಇಟ್ಟಿತ್ತು.

ಏಮಸ್ ಕಿಂಡಿಗೆ ಬಾಯಿಟ್ಟು ಹೆಸರು ಕೂಗಿದ. ಒಳಗೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ...

ಸರ್ರ್... ಟಕ್.

ಬಟ್ಟಲು ಹೊರಗೆ ಬಂತು. ಬಟ್ಟಲ ಹಿಂದೆ ಕೈ. ಹೆಬ್ಬೆರಳಲ್ಲಿ ಅವರೆಕಾಳಿನಷ್ಟು ಕಲೆ.

ನಾನು ಗೋಡೆ ಸುತ್ತಿ ಬಂದೆ. ಒಂದೊಂದು ಕಲ್ಲಿನ ಸಂದಿಗೂ ಉಗುರು ಹಾಕಿ ನೋಡಿದೆ. ಗಾರೆ ಎಲ್ಲೂ ಬಿಟ್ಟಿರಲಿಲ್ಲ. ಬಾಗಿಲಿದ್ದ ಜಾಗದ ಮೇಲೆ ಐವಿ ಬಳ್ಳಿ ಹಬ್ಬಿತ್ತು. ಒಂದು ಎಲೆ ಹರಿದಿರಲಿಲ್ಲ.

ಏಮಸ್ ಎಷ್ಟೋ ರಾತ್ರಿ ಆ ಕಿಂಡಿಯ ಕೆಳಗೆ ಮಲಗಿ ಮಣ್ಣು ಸುರಿದುಕೊಂಡ. ಪ್ರಾರ್ಥನೆ ನಾನೇ ಓದಿದ್ದೂ ಉಂಟು. ಪ್ರತಿ ಸಲವೂ ಒಳಗಿನಿಂದ ಬಟ್ಟಲನ್ನು ಕಲ್ಲಿಗೆ ಬಡಿದ ಸದ್ದು. ಟಕ್. ಟಕ್. ಬೇಡ ಎಂದು. ಅವಳು ಆಮೇಲೆ ನಿದ್ದೆ ಮಾಡಲೇ ಇಲ್ಲ, ಮಾಡಿದ್ದರೆ ತಾನು ಒಳಗೆ ಹೋಗಿರುತ್ತಿದ್ದೆ ಎಂದು ಅವನ ನಂಬಿಕೆ. ಮತ್ತೆ ಬೇಲಿ ಕಟ್ಟಲು ಹೋಗಲಿಲ್ಲ ಅವನು. ಹೆಂಡದಂಗಡಿಗೂ ಬರಲಿಲ್ಲ. ಬೆಳಗ್ಗೆ ರೊಟ್ಟಿ ಸುಟ್ಟು ಬೆಟ್ಟ ಹತ್ತುತ್ತಿದ್ದ, ಕತ್ತಲಾದ ಮೇಲೆ ಇಳಿಯುತ್ತಿದ್ದ. ಹಳ್ಳದ ಮನೆಯಲ್ಲಿ ಹಾಸಿಗೆಯ ಒಂದು ಪಕ್ಕದಲ್ಲಿ ಮಾತ್ರ ಮಲಗುತ್ತಿದ್ದ.

ದೊರೆ ಸತ್ತ. ಅವನ ಮಗನಿಗೆ ಕುದುರೆಯ ಹುಚ್ಚು, ಬೆಟ್ಟದ ಕಡೆ ಬರುವುದಿಲ್ಲ. ನಾವು ಮುರಿದು ಕಟ್ಟಿದ ಗೋಪುರ ಈಗ ನಿಜವಾಗಿ ಮುರಿದಿದೆ. ಕೋಣೆ ಹಾಗೇ ಇದೆ.

ಹೋದ ಚಳಿಗಾಲ ಏಮಸ್ ತೀರಿಕೊಂಡ. ಹಾಸಿಗೆಯ ಆ ಪಕ್ಕದಲ್ಲೇ. ಅವನನ್ನು ಯೂ ಮರದ ಕೆಳಗೆ ಮಣ್ಣು ಮಾಡಿದೆವು.

ಈಗ ರೊಟ್ಟಿ ಒಯ್ಯುವವನು ನಾನು. ನಂಬದವರು ನನ್ನ ಜೊತೆ ಬನ್ನಿ ಎಂದು ಹೆಂಡದಂಗಡಿಯ ಈ ಒಲೆಯ ಮುಂದೆ ಎಷ್ಟೋ ಜನರಿಗೆ ಹೇಳಿದ್ದೇನೆ. ಬೆಟ್ಟದ ಬುಡದ ತನಕ ಬಂದವರಿದ್ದಾರೆ.

ಇವತ್ತು ಸಂಜೆಯೂ ಹೋಗಿದ್ದೆ. ರೊಟ್ಟಿ ಇಟ್ಟೆ. ಕೈ ಬಂತು, ತೆಗೆದುಕೊಂಡಿತು. ಲೆಟ್ಟಿಸ್ ನನ್ನ ಓರಗೆಯವಳು. ನನ್ನ ಕೈ ನೋಡಿ, ಹೇಗಾಗಿದೆ.

ಅವಳ ಕೈಯಲ್ಲಿ ಒಂದು ಸುಕ್ಕಿಲ್ಲ.